ಭೀಮನ ಕೊಳ್ಳ ಇಳಿಯುವ ದಿನ

“ಏಳ್ರೆಪಾ, ಏಳ್ರಿ. ಬಿಸಲ ಏರೂದ್ರಾಗ ಕೊಳ್ಳಾ ಇಳೀಬೇಕು.”

ಕಾಕಾನ ದನಿ ಯಾವ ದಿಕ್ಕಿನಿಂದ ಬಂತೆಂದು ತಿಳಿಯುವಷ್ಟು ಎಚ್ಚರ ನಿಮಗಿನ್ನೂ ಆಗಿಲ್ಲ. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಕತ್ತಲೆ. ಹಾಸಿಕೊಂಡ ಗೋಣಿಚೀಲ ಜಾರಿ, ಯಾವುದೋ ಬೇರು ಪಕ್ಕೆಲುಬಿಗೆ ಒತ್ತುತ್ತಿದೆ. ಆರಿದ ಒಲೆಯ ಬೂದಿ, ಬೆವರು ಒಣಗಿದ ಬಟ್ಟೆ, ಯಾರೋ ಕಾಲಿಗೆ ತಿಕ್ಕಿಕೊಳ್ಳುತ್ತಿರುವ ಔಡಲ ಎಣ್ಣೆ, ಎಲ್ಲ ವಾಸನೆಯೂ ಒಟ್ಟಿಗೇ ಮೂಗಿಗೆ ಬರುತ್ತದೆ. ಸುತ್ತಲೂ ನೂರಾರು ಜನ ಏಳುತ್ತಿದ್ದಾರೆ. ಕೆಮ್ಮು, ಬಳೆ, ತಂಬಿಗೆ ಉರುಳಿದ ಸದ್ದು. ದೂರದಲ್ಲಿ ಒಬ್ಬನೇ ಒಬ್ಬ ‘ಮಲ್ಲಯ್ಯಾ’ ಎಂದು ಎಳೆದು ಕೂಗುತ್ತಾನೆ.

ಇದು ಪೆಚ್ಚೆರುವು. ನಲ್ಲಮಲ ಕಾಡಿನ ನಡುವಿನ ಒಂದು ಕೆರೆಯ ದಂಡೆ. ನಿನ್ನೆ ಆತ್ಮಕೂರಿನ ಕಡೆಯಿಂದ ಬಂದು ವೆಂಕಟಾಪುರದಲ್ಲಿ ಡಾಂಬರು ಬಿಟ್ಟಿರಿ, ನಾಗಲೂಟಿ ವೀರಭದ್ರನಿಗೆ ಕೈಮುಗಿದು ಒಳಕಾಡು ಹೊಕ್ಕಿರಿ. ಇವತ್ತು ಸಂಜೆಯೊಳಗೆ ಶ್ರೀಶೈಲ. ನಡುವೆ ಭೀಮನ ಕೊಳ್ಳ.

ಆದರೆ ಮೊದಲು ಎದ್ದು ನಿಲ್ಲಬೇಕು. ಬಲಗಾಲಿನ ಹಿಮ್ಮಡಿಯ ಪಕ್ಕದಲ್ಲಿ ಗುಳ್ಳೆ ರಾತ್ರಿಯಿಡೀ ಬೆಳೆದು ಬಿಗಿದುಕೊಂಡಿದೆ. ನೆಲಕ್ಕೆ ತಾಗಿಸಿದ ಕೂಡಲೇ ನೋವು ಮೊಣಕಾಲಿನವರೆಗೆ ಜಗ್ಗುತ್ತದೆ. ಒಡೆಯಬೇಕೋ, ಹಾಗೇ ನಡೆಯಬೇಕೋ? ಒಡೆದರೆ ಧೂಳು ಒಳಹೋಗುತ್ತದೆ. ಬಿಟ್ಟರೆ ಮೊದಲ ಇಳಿಜಾರಿನಲ್ಲೇ ತಾನಾಗಿ ಒಡೆಯುತ್ತದೆ. ನೀವು ಲೆಕ್ಕ ಹಾಕುತ್ತಿರುವಾಗಲೇ ದೊಡ್ಡವ್ವ ಪಕ್ಕಕ್ಕೆ ಬಂದು ಕೂತು ನಿಮ್ಮ ಪಾದವನ್ನು ತನ್ನ ತೊಡೆಗೆ ಎಳೆದುಕೊಂಡಿದ್ದಾಳೆ. ಎಪ್ಪತ್ತರ ಆಸುಪಾಸಿನ ಹೆಂಗಸು. ಸೂಜಿಯನ್ನು ಬೆಂಕಿಕಡ್ಡಿಗೆ ಹಿಡಿದು, ದಾರ ಪೋಣಿಸಿ, ಗುಳ್ಳೆಯ ಈ ಕಡೆಯಿಂದ ಆ ಕಡೆಗೆ ದಾಟಿಸುತ್ತಾಳೆ. ದಾರವನ್ನು ಅಲ್ಲೇ ಬಿಟ್ಟು ಕತ್ತರಿಸುತ್ತಾಳೆ. ಬೆಚ್ಚಗಿನ ನೀರು ದಾರ ಹಿಡಿದು ಹನಿಹನಿಯಾಗಿ ಇಳಿಯುವುದು ನಿಮಗೆ ತಿಳಿಯುತ್ತದೆ. “ಚರ್ಮಾ ಕೀಳಬ್ಯಾಡ ತಮ್ಮಾ. ಅದ ನಿನ್ನ ಚಪ್ಪಲಿ.”

ಊರು ಬಿಟ್ಟದ್ದು ಶಿವರಾತ್ರಿ ಮುಗಿದ ಮೇಲೆ. ಲಿಂಗಸುಗೂರು, ಮಾನ್ವಿ, ತುಂಗಭದ್ರೆ ದಾಟಿ ಕರ್ನೂಲು. ಅಲ್ಲಿಯತನಕದ ದಾರಿ ಈಗ ನೆನೆದರೆ ಹಬ್ಬವೇ. ಹಳ್ಳಿಗೊಂದು ದಾಸೋಹದ ಚಪ್ಪರ, ಮಜ್ಜಿಗೆ, ಕಲ್ಲಂಗಡಿ, ಕೈಹಿಡಿದು ಕೂರಿಸಿ ಕಾಲೊತ್ತುವ ಹುಡುಗರು. ಮರಗಾಲು ಕಟ್ಟಿಕೊಂಡು ಕಾದ ಡಾಂಬರಿನ ಮೇಲೆ ನಡೆಯುವವರೂ ಆ ದಾರಿಯಲ್ಲಿ ಕಂಡರು. ಅದು ಹರಕೆಯೋ ಹಟವೋ ಹೇಳುವುದು ಕಷ್ಟ. ನನಗಂತೂ ನೋಡಲು ಹೊಟ್ಟೆ ಹಿಂಡುತ್ತದೆ. ಊರಿನ ರೊಟ್ಟಿಗಂಟು, ಹಾಸಿಗೆ, ಪಾತ್ರೆ ಹೊತ್ತ ಟ್ರ್ಯಾಕ್ಟರ್ ಇಷ್ಟು ದಿನ ಜೊತೆಗೇ ಇತ್ತು. ಈಗ ಅದು ದೋರ್ನಾಲದ ಘಾಟಿ ರಸ್ತೆ ಹಿಡಿದು ಹೋಗಿದೆ. ಕಾಡಿನಲ್ಲಿ ನಿಮ್ಮದೆಂದರೆ ನೀವು ಹೊತ್ತದ್ದು ಮಾತ್ರ.

ಹಾಗಾಗಿ ಎರಡನೇ ಪ್ರಶ್ನೆ ನೀರಿನದು. ಒಂದು ಲೀಟರಿಗೆ ಒಂದು ಕೆಜಿ, ಅದರಲ್ಲಿ ರಿಯಾಯಿತಿಯಿಲ್ಲ. ಚೀಲದಲ್ಲಿ ಎರಡು ಬಾಟಲಿ ಇವೆ. ಮೂರನೆಯದು ಹಿಡಿಸಬೇಕಾದರೆ ಏನಾದರೂ ಹೊರಗೆ ಬರಬೇಕು. ಚಾದರ ತೆಗೆದು ಕೈಯಲ್ಲಿ ತೂಗುತ್ತೀರಿ. “ಹೊದಿಕಿ ಯಾರರ ಕೊಟ್ಟಾರು,” ಕಾಕಾ ನಿಮ್ಮನ್ನೇ ನೋಡುತ್ತಿದ್ದಾನೆ, “ನೀರ ಯಾರೂ ಕೊಡೂದಿಲ್ಲ.”

ಚಾದರ ದಂಡೆಯ ಚೆಂಚು ಅಜ್ಜಿಯ ಕೈಸೇರುತ್ತದೆ. ಅವಳು ಅದನ್ನು ಮಡಚಿ ಕಂಕುಳಲ್ಲಿಟ್ಟು ತೆಲುಗಿನಲ್ಲಿ ಏನೋ ಅಂದು ನಗುತ್ತಾಳೆ. ಈ ಕಾಡಿನಲ್ಲಿ ಜೇನು, ಗೋಂದು ಕೀಳುತ್ತ ಬದುಕುವ ಚೆಂಚುಗಳಿಗೆ ಶ್ರೀಶೈಲದ ಮಲ್ಲಯ್ಯ ಮನೆಯ ಅಳಿಯ. ತಮ್ಮ ಹುಡುಗಿಯನ್ನು ಮದುವೆಯಾದವನೆಂದು ಅವರ ಕತೆ. ನಿಮ್ಮ ದೊಡ್ಡವ್ವನನ್ನು ಕೇಳಿದರೆ ಅವನ ಮಡದಿ ಭ್ರಮರಾಂಬೆ ಕನ್ನಡದವರ ಮಗಳು, ಆದ್ದರಿಂದ ಮಲ್ಲಯ್ಯ ನಮ್ಮ ಅಳಿಯ. ಒಬ್ಬನೇ ಅಳಿಯನಿಗೆ ಎರಡು ಬೀಗರ ಮನೆ. ವರ್ಷಕ್ಕೊಮ್ಮೆ ಯುಗಾದಿಯ ಮುಂದೆ ಈ ಕೆರೆಯ ದಂಡೆಯಲ್ಲಿ ಎರಡೂ ಕಡೆಯವರು ಭೇಟಿಯಾಗುತ್ತಾರೆ, ಜಗಳವಿಲ್ಲ.

ದೊಡ್ಡವ್ವನ ಬೆನ್ನಿಗೆ ಕಟ್ಟಿದ ಗಂಟಿನಲ್ಲಿರುವುದು ಮಗಳ ಉಡಿ. ಇಳಕಲ್ ಸೀರೆ, ಕುಬಸದ ಕಣ, ಹಸಿರು ಬಳೆ, ಅಕ್ಕಿ, ಒಣಕೊಬ್ಬರಿ, ಅರಿಸಿನ ಕುಂಕುಮ. ಅದನ್ನವಳು ಟ್ರ್ಯಾಕ್ಟರಿಗೆ ಹಾಕಲು ಒಪ್ಪಿಲ್ಲ.

ಮುಂದೆ ಊರಿನ ಕಂಬಿ, ಹೆಗಲ ಮೇಲೆ ಹೊರುವ ಮಲ್ಲಯ್ಯನ ಕಾವಡಿ, ಎದ್ದಿದೆ. ಅದರ ಗೆಜ್ಜೆಯ ಸದ್ದು ಹಿಡಿದು ನೀವೂ ಸಾಲಿಗೆ ಬೀಳುತ್ತೀರಿ.

ಬ್ಯಾಟರಿಯ ಬೆಳಕಿನಲ್ಲಿ ಕಾಣುವುದು ಮುಂದಿನವನ ಹಿಮ್ಮಡಿ, ಅಷ್ಟೇ. ಅವನು ಎತ್ತಿದಲ್ಲಿ ಎತ್ತುತ್ತೀರಿ, ಇಟ್ಟಲ್ಲಿ ಇಡುತ್ತೀರಿ. ಕಲ್ಲು, ಮರಳು, ಮತ್ತೆ ಕಲ್ಲು. ಒಣ ಎಲೆಗಳು ಇಷ್ಟೊಂದು ಗದ್ದಲ ಮಾಡುತ್ತವೆಂದು ನಿಮಗೆ ಗೊತ್ತಿರಲಿಲ್ಲ. ಆಮೇಲೆ ಒಂದು ತಿರುವಿನಲ್ಲಿ ಗಾಳಿ ಬದಲಾಗುತ್ತದೆ. ಸಿಹಿ, ಹುಳಿ ಬೆರೆತ, ತಲೆಗೇರುವ ವಾಸನೆ. ಹಿಪ್ಪೆ ಹೂ ಉದುರಿದೆ. ನಿಮ್ಮ ಕಾಲಡಿಯಲ್ಲೇ ಮೆತ್ತಗೆ ಜಜ್ಜಿಹೋಗುತ್ತಿದೆ.

ಹಿಪ್ಪೆ ಹೂ ಇದ್ದಲ್ಲಿ ಇನ್ನೊಬ್ಬರೂ ಇರುತ್ತಾರೆ.

ಸಾಲು ನಿಲ್ಲುತ್ತದೆ. ಯಾಕೆಂದು ಯಾರೂ ಹೇಳುವುದಿಲ್ಲ. ಬಲಗಡೆ, ಪೊದೆಯ ಆಚೆ, ಸೂಂ ಎಂದು ಉಸಿರೆಳೆದ ಸದ್ದು. ಮತ್ತೆ ಸೂಂ. ಮನುಷ್ಯರದಲ್ಲ. ನಿಮ್ಮ ಕೈ ತಾನಾಗಿ ಬ್ಯಾಟರಿಯನ್ನು ಅತ್ತ ತಿರುಗಿಸುತ್ತದೆ. ಕರಿ ರಾಶಿಯೊಂದು ಎದ್ದು ನಿಂತಂತೆ. ಎರಡು ಕಿಡಿ. “ಬೆಳಕ ಕೆಳಗ ಹಿಡಿ. ಓಡಬ್ಯಾಡ.” ಕಾಕಾನ ಬೆರಳುಗಳು ನಿಮ್ಮ ಮುಂಗೈಯನ್ನು ಹಿಂಡುತ್ತಿವೆ. ಬಾಯಿ ಒಣಗಿದೆ. ನಾಲಗೆಗೆ ಹಿತ್ತಾಳೆಯ ರುಚಿ. ಹಿಂದೆ ಯಾವುದೋ ಮಗು ಅಳಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸುತ್ತದೆ. ಓಡಿದರೆ ಕರಡಿ ಬೆನ್ನುಹತ್ತುತ್ತದೆ, ನಿಂತರೆ ಮೇಲೆ ಬರಬಹುದು. ನಿಲ್ಲುತ್ತೀರಿ. ಆಗ ಮುಂದಿನಿಂದ ಕೂಗು ಏಳುತ್ತದೆ: “ಮಲ್ಲಯ್ಯಾ! ಮಲ್ಲಯ್ಯಾ!” ಒಬ್ಬ, ಹತ್ತು ಜನ, ಇಡೀ ಸಾಲು. ನಿಮ್ಮ ಗಂಟಲಿನಿಂದಲೂ ಅದೇ ಬರುತ್ತಿದೆ. ಭಕ್ತಿಯೋ ಭಯವೋ ಬೇರೆ ಮಾಡಿ ನೋಡಲು ಈಗ ಪುರುಸೊತ್ತಿಲ್ಲ. ಪೊದೆ ಮುರಿದ ಸದ್ದು, ಕಲ್ಲುರುಳಿದ ಸದ್ದು. ದೂರ. ಇನ್ನೂ ದೂರ.

“ಹೋತು,” ಅನ್ನುತ್ತಾಳೆ ದೊಡ್ಡವ್ವ. “ಪಾಪ, ಅದರ ನ್ಯಾರಿ ನಾವ ಕೆಡಿಸಿದ್ವಿ.”

ಬೆಳಕು ಹರಿದ ಮೇಲೆ ಕಾಡು ಸಣ್ಣದಾಗುತ್ತದೆ. ಎಲೆ ಕಳಚಿದ ಮರಗಳು, ಬಿದಿರು, ಅಲ್ಲಲ್ಲಿ ಉರಿಯುವ ಮುತ್ತುಗ. ಹುಲಿ ಯೋಜನೆಯ ಹಳದಿ ಫಲಕಗಳು. ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಅಭಯಾರಣ್ಯ ದೇಶದ ಅತಿ ದೊಡ್ಡದು; ಶಿವರಾತ್ರಿ, ಯುಗಾದಿಯ ಹೊತ್ತಿಗೆ ಮಾತ್ರ ಅರಣ್ಯ ಇಲಾಖೆ ಈ ದಾರಿಯನ್ನು ಜನಕ್ಕೆ ಬಿಡುತ್ತದೆ. ಸಜ್ಜೆ ರೊಟ್ಟಿ ಮುರಿದು ಶೇಂಗಾ ಹಿಂಡಿಯ ಜೊತೆ ನಡೆಯುತ್ತಲೇ ತಿನ್ನುತ್ತೀರಿ. ಖಾರಕ್ಕೆ ನೀರು ಬೇಕೆನಿಸುತ್ತದೆ. ಒಂದೇ ಗುಟುಕಿಗೆ ನಿಲ್ಲಿಸುತ್ತೀರಿ. ಗುಳ್ಳೆಯ ದಾರ ಕೆಲಸ ಮಾಡಿದೆ. ನೋವು ಇದೆ, ಆದರೆ ಒಂದು ಲಯಕ್ಕೆ ಬಂದಿದೆ.

ಭೀಮನ ಕೊಳ್ಳದ ಅಂಚಿಗೆ ಬಂದಾಗ ಬಿಸಿಲು ಆಗಲೇ ಬೆನ್ನಿಗೆ ಕೂತಿದೆ. ಅಂದುಕೊಂಡದ್ದಕ್ಕಿಂತ ತಡವಾಗಿದೆ.

ನೆಲ ಇಲ್ಲಿ ಒಮ್ಮೆಲೇ ಮುಗಿದುಹೋಗುತ್ತದೆ. ಕೆಳಗೆ ಆಳವಾದ ಕಮರಿ, ಎದುರಿಗೆ ಅಷ್ಟೇ ಎತ್ತರದ ಇನ್ನೊಂದು ಗೋಡೆ. ಆ ಗೋಡೆಯ ಮೇಲೆ ಇರುವೆಸಾಲು ಹರಿದಾಡುತ್ತಿದೆ. ಕಣ್ಣು ಕಿರಿದು ಮಾಡಿ ನೋಡಿದರೆ ಅವು ಜನ. ನೀವು ಇಲ್ಲಿ ಇಳಿದು ಅಲ್ಲಿ ಹತ್ತಬೇಕು. ದ್ರೌಪದಿಗೆ ಬಾಯಾರಿದಾಗ ಭೀಮ ಗದೆಯಿಂದ ಬಂಡೆ ಒಡೆದು ನೀರು ತೆಗೆದ ಜಾಗ ಇದು ಎನ್ನುತ್ತಾರೆ. ನೋಡಿದರೆ ಯಾರೋ ಸಿಟ್ಟಿನಲ್ಲೇ ಹೊಡೆದಂತಿದೆ.

ಅಂಚಿನಲ್ಲಿ ದೊಡ್ಡವ್ವ ಗಂಟು ಬಿಚ್ಚಿ ನಿಮ್ಮ ಹೆಗಲಿಗೆ ಹಾಕುತ್ತಾಳೆ. “ಇಳಿಯೂಮಟ ಅಷ್ಟ ಹಿಡಿ. ನೆಲಕ್ಕ ಇಡಬ್ಯಾಡ.” ಇಷ್ಟು ದಿನ ಯಾರಿಗೂ ಕೊಡದವಳು. ಯಾಕೆಂದು ನೀವು ಕೇಳಬೇಕಿತ್ತೇನೋ. ಆದರೆ ಮೆಟ್ಟಿಲು ಶುರುವಾಗಿದೆ.

ಹತ್ತುವುದು ಕಷ್ಟ ಎನ್ನುವವರು ಇಂಥ ಕಡೆ ಇಳಿದಿರುವುದಿಲ್ಲ. ಸವೆದು ನುಣುಪಾದ ಕಲ್ಲು, ಒಂದು ಗೇಣೆತ್ತರದ್ದು, ಮುಂದಿನದು ಮೊಳದೆತ್ತರದ್ದು. ಪ್ರತಿ ಮೆಟ್ಟಿಲಿಗೂ ಇಡೀ ದೇಹದ ಭಾರ ಮೊಣಕಾಲ ಚಿಪ್ಪಿನ ಮೇಲೆ ಬೀಳುತ್ತದೆ. ಹೆಬ್ಬೆರಳಿನ ಉಗುರು ಒತ್ತಿ ಒತ್ತಿ ಕಪ್ಪಾಗುತ್ತಿದೆ. ತೊಡೆ ತಾನಾಗಿ ನಡುಗುತ್ತದೆ, ನಿಲ್ಲಿಸಲು ನೋಡಿದರೂ ನಿಲ್ಲುವುದಿಲ್ಲ. ಗಾಳಿಯಿಲ್ಲ. ಎರಡೂ ಬದಿಯ ಬಂಡೆ ಕಾವು ಉಗುಳುತ್ತಿದೆ. ತಳ ಸಿಕ್ಕಾಗ ನೀವು ಕೂರುವುದಿಲ್ಲ, ಕುಸಿಯುತ್ತೀರಿ. ಈ ಬೇಸಿಗೆಯಲ್ಲಿ ಕೊಳದ ನೀರು ತೆಳ್ಳಗಾಗಿದೆ. ಮುಖಕ್ಕೆ, ಕತ್ತಿಗೆ ಎರಚಿಕೊಂಡು ಬಟ್ಟೆ ಒದ್ದೆ ಮಾಡಿಕೊಂಡು, ಹೆಚ್ಚು ಹೊತ್ತು ಕೂತರೆ ಏಳಲಾಗದೆಂದು ಮತ್ತೆ ಹೊರಡುತ್ತೀರಿ. ಕೊಳದಲ್ಲಿ ಜನರ ಮುಖಗಳಿಗಿಂತ ಖಾಲಿ ಬಾಟಲಿಗಳು ಹೆಚ್ಚು ತೇಲುತ್ತಿವೆ.

ಎದುರು ಗೋಡೆಯ ಮೆಟ್ಟಿಲುಗಳನ್ನು 14ನೇ ಶತಮಾನದಲ್ಲಿ ರೆಡ್ಡಿ ರಾಜ ಪ್ರೋಲಯ ವೇಮ ಕಟ್ಟಿಸಿದನೆಂದು ಹೇಳುತ್ತಾರೆ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಅಕ್ಕ ಮಹಾದೇವಿ ಈ ಬೆಟ್ಟ ಸೇರಿದಾಗ ಅವು ಇರಲಿಲ್ಲ. ಈ ವಿಚಾರ ನಿಮ್ಮ ತಲೆಯಲ್ಲಿ ನಾಲ್ಕು ಮೆಟ್ಟಿಲ ಹೊತ್ತು ಇರುತ್ತದೆ. ಐದನೆಯದಕ್ಕೆ ಉಸಿರು ಬಿಟ್ಟು ಬೇರೇನೂ ಇಲ್ಲ.

ಕಂಬಿ ಮುಂದೆ ಹೋಗಿಬಿಟ್ಟಿದೆ. ಗೆಜ್ಜೆ ಸದ್ದು ಮೇಲೆ ಮೇಲೆ ತೆಳುವಾಗುತ್ತದೆ. ಉಳಿದವರು ನೀವು, ಕಾಕಾ, ದೊಡ್ಡವ್ವ ಮೂವರೇ. ಅಪರಿಚಿತರು ಪಕ್ಕಕ್ಕೆ ಸರಿದು ಮೇಲೇರುತ್ತಿದ್ದಾರೆ.

“ಏ ಗಂಗಾ ನೀರ ತಗೊಂಡ ಬಾ,” ಅನ್ನುತ್ತಾಳೆ ದೊಡ್ಡವ್ವ. ಗಂಗೆ ಯಾರು? ಕಾಕಾ ತಟ್ಟನೆ ನಿಲ್ಲುತ್ತಾನೆ. ಗಂಗಾ ಅವಳ ತಂಗಿ. ತೀರಿಹೋಗಿ ಬಹಳ ವರ್ಷವಾಯಿತು.

ನೀವು ಅವಳ ಕೈ ಹಿಡಿಯುತ್ತೀರಿ. ಒಣಗಿದೆ. ಸುಡುತ್ತಿದೆ. ಒಂದು ಹನಿ ಬೆವರಿಲ್ಲ. ಕಣ್ಣು ನಿಮ್ಮತ್ತ ಇದೆ, ನೋಟ ಇಲ್ಲ. ಮರುಕ್ಷಣ ಅವಳ ಮೊಣಕಾಲು ಮಡಚಿ, ಮೈ ಮೆಟ್ಟಿಲ ಅಂಚಿನತ್ತ ವಾಲುತ್ತದೆ. ಕಾಕಾ ಹಿಡಿಯುತ್ತಾನೆ. ನೀವೂ ಹಿಡಿಯುತ್ತೀರಿ. ಎಳೆಯುತ್ತೀರಿ. ಬಂಡೆಯ ನೆರಳು ಒಂದು ಮಾರಷ್ಟು ಇದೆ, ಅಲ್ಲಿ ಮಲಗಿಸುತ್ತೀರಿ.

ನೀರು ಇದೆ. ಮೂರನೆಯ ಬಾಟಲಿ ಇನ್ನೂ ತುಂಬಿದೆ. ತುಟಿಗಿಟ್ಟರೆ ಕಟವಾಯಿಯಿಂದ ಹೊರಬರುತ್ತದೆ. “ಬಾಯಾಗ ಹಾಕಬ್ಯಾಡ, ನೆತ್ತಿಗೇರತೈತಿ!” ಕುಡಿಸಲಾಗದು. ಮೈ ತಣಿಸಬೇಕು. ಸುರಿದರೆ ಕಲ್ಲು ಕುಡಿದುಬಿಡುತ್ತದೆ. ಒದ್ದೆ ಬಟ್ಟೆ ಬೇಕು, ಮೈತುಂಬ ಮುಚ್ಚುವಂಥದ್ದು. ಕಾಕಾನ ಟವೆಲ್ ಹಣೆಗೂ ಎದೆಗೂ ಸಾಲದು. ನಿಮ್ಮ ಚಾದರ ಪೆಚ್ಚೆರುವಿನ ಅಜ್ಜಿಯ ಕಂಕುಳಲ್ಲಿದೆ.

ಹೆಗಲ ಮೇಲೆ ಗಂಟು ಇದೆ.

ನೀವು ಕಾಕಾನನ್ನು ನೋಡುತ್ತೀರಿ. ಅವನೂ ಅದನ್ನೇ ನೋಡುತ್ತಿದ್ದಾನೆ. ದೇವಿಯ ಉಡಿ. ನೆಲಕ್ಕೂ ಇಡದೆ ತಂದದ್ದು. ಸೊಸೆಯಂದಿರೆಲ್ಲ ಹಣ ಕೂಡಿಸಿ ಇಳಕಲ್ಲಿನಿಂದ ತರಿಸಿದ, ಕೆಂಪು ಸೆರಗಿನ, ಮಡಿಕೆಯನ್ನೂ ಬಿಚ್ಚದ ಸೀರೆ. ಅವನು ತುಟಿ ತೆರೆಯುತ್ತಾನೆ, ಮುಚ್ಚುತ್ತಾನೆ. ಬೇಡ ಎನ್ನುವುದಿಲ್ಲ. ಹೂಂ ಎನ್ನಲೂ ಅವನಿಗೆ ಆಗುತ್ತಿಲ್ಲ. ಆ ಹೂಂ ನಿಮ್ಮದೇ ಆಗಬೇಕು.

ಗಂಟು ಬಿಗಿಯಾಗಿದೆ. ಬೆರಳು ಜಾರುತ್ತದೆ. ಹಲ್ಲಿನಿಂದ ಎಳೆಯುತ್ತೀರಿ. ಅಕ್ಕಿ ಚೆಲ್ಲುತ್ತದೆ, ಹಸಿರು ಬಳೆ ಎರಡು ಮೆಟ್ಟಿಲ ಮೇಲೆ ಉರುಳಿ ಒಡೆಯುತ್ತವೆ. ಹೊಸ ಬಟ್ಟೆಯ ಗಂಜಿ ವಾಸನೆ. ಕೊಡವಿ ಬಿಚ್ಚಿ, ಬಾಟಲಿ ಬೋರಲು ಹಾಕಿ, ಹಿಂಡದೆ ಹಾಗೇ ಅವಳ ಕತ್ತಿನಿಂದ ಪಾದದವರೆಗೆ ಹೊದಿಸುತ್ತೀರಿ. ಕಾಕಾ ಟವೆಲಿನಿಂದ ಗಾಳಿ ಬೀಸುತ್ತಾನೆ. ನಿಲ್ಲಿಸಬೇಡ. ಬೀಸು. ಮೇಲೇರುತ್ತಿದ್ದ ಹೆಂಗಸೊಬ್ಬಳು ತನ್ನ ನೀರನ್ನೂ ಕೇಳದೆ ಸುರಿಯುತ್ತಾಳೆ. ಇನ್ನೊಬ್ಬ ಸೆರಗಿನ ತುದಿ ಹಿಡಿದು ಎತ್ತಿ ಎತ್ತಿ ಗಾಳಿಯಾಡಿಸುತ್ತಾನೆ. ಅವನ ಮಾತು ಮರಾಠಿ. ನಿಮ್ಮ ಕಿವಿಯಲ್ಲಿ ನಿಮ್ಮದೇ ಗುಂಡಿಗೆ. ಎಷ್ಟು ಹೊತ್ತು? ನೆರಳು ಒಂದು ಗೇಣು ಸರಿದಿದೆ.

ಅವಳ ಹುಬ್ಬಿನ ಮೇಲೆ ಹನಿ ಮೂಡುತ್ತದೆ. ನೀರಿನದಲ್ಲ, ಬೆವರಿನದು.

ಕಣ್ಣು ಬಿಟ್ಟವಳು ಮೊದಲು ಮುಟ್ಟಿ ನೋಡುವುದು ಮೈಮೇಲಿನ ಸೀರೆಯನ್ನು. ಅಂಚಿನ ದಡಿಯ ಮೇಲೆ ಬೆರಳಾಡಿಸಿ ಗುರುತು ಹಿಡಿಯುತ್ತಾಳೆ. ನೀವು ಏನೋ ಹೇಳಲು ಹೊರಡುತ್ತೀರಿ. ಅವಳು ಕೈಯೆತ್ತಿ ತಡೆಯುತ್ತಾಳೆ.

“ಮಗಳ ಸೀರಿ ತಾಯಿ ಉಟ್ರ ಏನಾತು? ಯಾವ ಮನ್ಯಾಗ ಉಡೂದಿಲ್ಲ?”

ಈಗ ಗುಟುಕು ಗುಟುಕಾಗಿ ಕುಡಿಯುತ್ತಾಳೆ. ಕಾಕಾ ಮುಖ ಆ ಕಡೆ ತಿರುಗಿಸಿ ಅಕ್ಕಿ ಆಯುತ್ತಿದ್ದಾನೆ, ಒಂದೊಂದೇ ಕಾಳು.

ಉಳಿದ ಮೆಟ್ಟಿಲುಗಳನ್ನು ಅವಳು ಇಬ್ಬರ ಹೆಗಲ ಮೇಲೆ ಕೈಹಾಕಿ ಏರುತ್ತಾಳೆ. ಹತ್ತಕ್ಕೊಮ್ಮೆ ನಿಲ್ಲುತ್ತೀರಿ. ಕೈಲಾಸ ದ್ವಾರದ ಕಲ್ಲಿನ ಬಾಗಿಲು ಕಂಡಾಗ ಅದರ ಆಚೆ ಮೈಕಿನ ಸದ್ದು, ಕನ್ನಡದಲ್ಲಿ ಬರೆದ ಫಲಕ, ವೈದ್ಯಕೀಯ ಶಿಬಿರದ ಶಾಮಿಯಾನ. ಅವಳ ಕೈಗೆ ಸಲೈನ್ ಹತ್ತುತ್ತದೆ. ಬಾಟಲಿ ಮುಗಿದ ಮೇಲೆ, ಇನ್ನು ನಡೆಯುವಂತಿಲ್ಲ, ಜೀಪಿನಲ್ಲಿ ಕಳಿಸಿ ಎನ್ನುತ್ತಾನೆ ಅಲ್ಲಿದ್ದ ತರುಣ ಡಾಕ್ಟರು.

ಇಲ್ಲಿ ಜಗಳವಾಗುತ್ತದೆ ಎಂದು ನೀವು ಮೈ ಬಿಗಿ ಮಾಡಿಕೊಳ್ಳುತ್ತೀರಿ. ಇಷ್ಟು ದೂರ ನಡೆದವಳು, ಕೊನೆಯ ಒಂದೆರಡು ತಾಸಿನ ದಾರಿಗೆ ಗಾಡಿ ಹತ್ತುತ್ತಾಳೆಯೇ?

ದೊಡ್ಡವ್ವ ಆಗಲೇ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದಾಳೆ. “ಅಳಿಯನ ಮನಿಗಿ ಗಾಡ್ಯಾಗ ಹೋದ್ರ ಮರ್ಯಾದಿ ಏನ್ ಕಡಿಮಿ ಆಗೂದಿಲ್ಲ. ಉಡಿ ಅಷ್ಟ ನಡಕೊಂತ ಬರಲಿ.” ಮತ್ತೆ ಗಂಟನ್ನು ನಿಮ್ಮ ಕೈಗೆ ಕೊಡುತ್ತಾಳೆ. ಒದ್ದೆ ಸೀರೆಯ ಭಾರ ಬೇರೆಯೇ.

ಹಾಟಕೇಶ್ವರದ ಹತ್ತಿರ ನೀವೂ ಕಾಕಾನೂ ಅದನ್ನು ಬಿಚ್ಚಿ, ಆಚೀಚೆ ತುದಿ ಹಿಡಿದುಕೊಂಡೇ ನಡೆಯುತ್ತೀರಿ. ಬಿಸಿಗಾಳಿಗೆ ಸೀರೆ ಉಬ್ಬುತ್ತದೆ. ಎದುರು ಬಂದವರು ದೇವಿಯ ಸೀರೆಯೆಂದು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ನೀವು ಯಾರಿಗೂ ಏನೂ ಹೇಳುವುದಿಲ್ಲ. ಸಾಕ್ಷಿ ಗಣಪತಿಯ ಮುಂದೆ ನಿಂತು ಹೆಸರು ಹೇಳಿಕೊಳ್ಳಬೇಕು: ಬಂದವರ ಹಾಜರಿಯನ್ನು ಬರೆದಿಡುವವನು ಅವನು. ನೀವು ದೊಡ್ಡವ್ವನ ಹೆಸರನ್ನೂ ಹೇಳುತ್ತೀರಿ. ಜೀಪಿನ ವಿಷಯ ಕಾಕಾ ಎತ್ತುವುದಿಲ್ಲ.

ಊರೊಳಗೆ ಲಕ್ಷ ಜನ. ಕಂಬಿ, ನಂದಿಕೋಲು, ಡೊಳ್ಳು. ನಿಮ್ಮ ಪಾದ ಯಾರದೋ ಪಾದದ ಮೇಲೆ, ಅವರ ಪಾದ ಇನ್ನಾರದೋ ಮೇಲೆ. ಇಲ್ಲಿ ಧೂಳಿ ದರ್ಶನವೆಂಬ ಪದ್ಧತಿಯಿದೆ: ನಡೆದು ಬಂದವರು ಕಾಲು ತೊಳೆಯದೆ ಆ ಧೂಳಿನಲ್ಲೇ ದೇವರೆದುರು ನಿಲ್ಲಬಹುದು. ಸಾಲಿನಲ್ಲಿ ಗಂಟೆಗಟ್ಟಲೆ. ಲಿಂಗದ ಮುಂದೆ ಸಿಕ್ಕಿದ್ದು ಒಂದು ಕಣ್ಣುಮುಚ್ಚಿ ತೆರೆಯುವಷ್ಟು. ಭ್ರಮರಾಂಬೆಯ ಗುಡಿಯಲ್ಲಿ ದೊಡ್ಡವ್ವ ಆಗಲೇ ಬಂದು ಕಂಬಕ್ಕೊರಗಿ ಕೂತಿದ್ದಾಳೆ. ಸೀರೆಯ ಮೇಲೆ ಕೆಮ್ಮಣ್ಣಿನ ಕಲೆಯೊಂದು ಉಳಿದಿದೆ, ಅವಳು ಅದನ್ನು ಒಳಮಡಿಕೆಗೆ ಸೇರಿಸಿ, ಒಡೆಯದೆ ಉಳಿದ ಬಳೆಗಳನ್ನು ಮೇಲಿಟ್ಟು ಕೊಡುತ್ತಾಳೆ. ಅರ್ಚಕರು ತೆಗೆದುಕೊಳ್ಳುತ್ತಾರೆ. ಅವರಿಗೆ ಅದು ಇವತ್ತಿನ ಸಾವಿರಾರು ಸೀರೆಗಳಲ್ಲಿ ಒಂದು.

ಬರುವ ಯುಗಾದಿಗೆ ನೀವು ನಿಜಕ್ಕೂ ಹೊರಡುವವರಾದರೆ, ಕೊಳ್ಳವನ್ನು ಬಿಸಿಲೇರುವ ಮುಂಚೆ ದಾಟಿ. ವಯಸ್ಸಾದವರನ್ನು ಕಂಬಿಯ ಹಿಂದೆ ಬಿಡಬೇಡಿ, ಮುಂದೆ ಬಿಡಿ. ಬೆವರು ನಿಂತು ಮಾತು ತಪ್ಪಿದವರಿಗೆ ನೀರು ಕುಡಿಸಲು ಹೋಗದೆ ಮೊದಲು ಮೈ ಒದ್ದೆ ಮಾಡಿ, ಗಾಳಿ ಬೀಸಿ. ಮತ್ತು ಖಾಲಿಯಾದ ಬಾಟಲಿಯನ್ನು ಚೀಲಕ್ಕೇ ಹಾಕಿಕೊಂಡು ಬನ್ನಿ, ಭೀಮನ ಕೊಳಕ್ಕೆ ಎಸೆಯಬೇಡಿ. ಯುಗಾದಿ ಮುಗಿದು ನಾವೆಲ್ಲ ಬಸ್ಸು ಹತ್ತಿದ ಮೇಲೆ ಆ ನೀರು ಕುಡಿಯಲು ಬರುವುದು ಕರಡಿ, ಕಡವೆ, ಹುಲಿ.